ಮೇಲಿನ ಮನೆ ಭೋಗ್ಯಕ್ಕೆ ಕೊಟ್ಟು ಸಾಲದ ಅಸಲಿಗೆ ಕಟ್ಟಬಹುದಾ? ಮನೆಯ ಹೊರೆ ಇಳಿಸುವ ದಾರಿ ಹೇಳಿ

ಉಪ್ಪಳ್ಳಿ ಮನೆಯವ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. 2024ರ ಶುರುವಿನಲ್ಲಿ ಮನೆ ಆಯಿತು. ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯಲ್ಲಿ 25 ಲಕ್ಷ ಸಾಲ. 20 ವರ್ಷ, ಶೇ 8.5, ಫ್ಲೋಟಿಂಗ್ (ಏರಿಳಿಯುವ ಬಡ್ಡಿ). ಕಂತು 21,696 ರೂಪಾಯಿ. ಮೊದಲ ವರ್ಷದ ಸ್ಟೇಟ್‌ಮೆಂಟ್ ನೋಡಿದೆ. ಕಟ್ಟಿದ್ದು 2 ಲಕ್ಷ 60 ಸಾವಿರ, ಅಸಲು ಇಳಿದದ್ದು 50 ಸಾವಿರವೂ ಇಲ್ಲ!

ಮೇಲೆ ಒಂದು ಸಣ್ಣ ಪೋರ್ಷನ್ ಇದೆ. 7,000 ಬಾಡಿಗೆ ಬರುತ್ತಿತ್ತು. ಈಗಿರುವವರು ಮುಂದಿನ ತಿಂಗಳು ಖಾಲಿ ಮಾಡುತ್ತಾರೆ. ಪರಿಚಯದವರೊಬ್ಬರು 6 ಲಕ್ಷ ಕೊಟ್ಟು 3 ವರ್ಷಕ್ಕೆ ಭೋಗ್ಯಕ್ಕೆ ಕೇಳುತ್ತಿದ್ದಾರೆ. ಅದನ್ನು ಹಾಗೇ ಅಸಲಿಗೆ ಕಟ್ಟಿಬಿಟ್ಟರೆ ಹಗುರ ಆಗುತ್ತೆ ಅಂತ ನನ್ನ ಯೋಚನೆ. ಮನೆಯಲ್ಲಿ ಒಪ್ಪುತ್ತಿಲ್ಲ. ಕಂದಾಯ, ಕರೆಂಟು, ಮಳೆಗಾಲದ ರಿಪೇರಿ ಎಲ್ಲ ಸೇರಿ ಸಂಬಳ 20ನೇ ತಾರೀಖಿಗೆ ಮುಗಿಯುತ್ತದೆ. ಅನುಭವ ಇದ್ದವರು ಹೇಳಿ.

ಬಿ.ಎಂ. ರಸ್ತೆ (ಹಾಸನ)

ಕಣ್ಣುಮುಚ್ಚಿ ತಗೊಳ್ಳಿ. 25 ಲಕ್ಷದಲ್ಲಿ 6 ಲಕ್ಷ ಒಂದೇ ಏಟಿಗೆ ಹೋಯಿತು ಅಂದರೆ ಕಾಲು ಭಾಗ ಸಾಲ ತೀರಿದ ಹಾಗೆ. ಬಾಡಿಗೆಯವರ ಹಿಂದೆ ಪ್ರತಿ ತಿಂಗಳು ಅಲೆಯುವ ತಲೆನೋವೂ ಇಲ್ಲ.

ಸಾಲಗಾಮೆ ರಸ್ತೆ (ಹಾಸನ)

ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲೇ ಇದ್ದು ನಿವೃತ್ತನಾದವನು. ಸ್ವಲ್ಪ ತಡೆಯಿರಿ, ಲೆಕ್ಕ ಹಾಕೋಣ.

6 ಲಕ್ಷಕ್ಕೆ ಶೇ 8.5ರ ಹಾಗೆ ವರ್ಷದ ಬಡ್ಡಿ 51,000. ತಿಂಗಳಿಗೆ 4,250. ಭೋಗ್ಯದ ದುಡ್ಡನ್ನು ಪೂರ್ತಿ ಅಸಲಿಗೆ ಕಟ್ಟಿದರೆ ನಿಮಗೆ ಉಳಿಯುವುದು ಇಷ್ಟೇ. ಕೈಬಿಡುವುದು ಎಷ್ಟು? ತಿಂಗಳಿಗೆ 7,000, ವರ್ಷಕ್ಕೆ 84,000. 6 ಲಕ್ಷದ ಮೇಲೆ 84,000 ಅಂದರೆ ಶೇ 14. ಶೇ 8.5ರ ಸಾಲ ತೀರಿಸಲು ಶೇ 14ಕ್ಕೆ ಕೈಸಾಲ ಮಾಡಿದ ಹಾಗಾಯಿತು. ಜೊತೆಗೆ 3 ವರ್ಷ ಆದ ಮೇಲೆ ಆ 6 ಲಕ್ಷ ವಾಪಸ್ ಕೊಡಬೇಕು. ಫೈನಾನ್ಸ್ ಕಂಪನಿ ನೀವು ಕಟ್ಟಿದ ಅಸಲನ್ನು ತಿರುಗಿ ಕೊಡುವುದಿಲ್ಲ, ಅಲ್ವಾ?

ನಿಮ್ಮ ಮೇಲಿನ ಮನೆಗೆ 4,000ಕ್ಕಿಂತ ಜಾಸ್ತಿ ಬಾಡಿಗೆ ಹುಟ್ಟುವುದಿಲ್ಲ ಅಂತಿದ್ದರೆ ನಾನೇ ಭೋಗ್ಯಕ್ಕೆ ಕೊಡಿ ಅನ್ನುತ್ತಿದ್ದೆ.

ಬಿ.ಎಂ. ರಸ್ತೆ (ಹಾಸನ)

ಸರ್, ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ಬಾಡಿಗೆಯವರು 12 ತಿಂಗಳೂ ಇರುತ್ತಾರಾ? ಖಾಲಿ ಬಿದ್ದರೆ? ಸುಣ್ಣಬಣ್ಣದ ಖರ್ಚು?

ಸಾಲಗಾಮೆ ರಸ್ತೆ (ಹಾಸನ)

ವರ್ಷದಲ್ಲಿ 2 ತಿಂಗಳು ಖಾಲಿ ಬಿದ್ದರೂ 70,000 ಬಂತು. ಆಗಲೂ ಶೇ 11.5 ದಾಟುತ್ತದೆ. 4 ತಿಂಗಳು ಖಾಲಿ ಬಿದ್ದರೆ ನಿಮ್ಮ ಮಾತಿಗೆ ಸ್ವಲ್ಪ ಬೆಲೆ ಬರುತ್ತದೆ. ಉಪ್ಪಳ್ಳಿಯಲ್ಲಿ ಅಷ್ಟು ದಿನ ಖಾಲಿ ಬೀಳುತ್ತಾ, ಅವರೇ ಹೇಳಲಿ.

ಇನ್ನೊಂದು ವಿಷಯ. ಮನೆ ಅಡಮಾನದಲ್ಲಿದೆ. ಒಪ್ಪಿಗೆ ಇಲ್ಲದೆ ಭೋಗ್ಯಕ್ಕೆ ಕೊಡುವಂತಿಲ್ಲ ಅಂತ ಸಾಲದ ಪತ್ರದಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ. ನಿಮ್ಮ ಪತ್ರ ತೆಗೆದು ಓದಿ. 3 ವರ್ಷದ ಕರಾರು ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯೂ ಆಗಬೇಕು. ಸುಮ್ನೆ ಛಾಪಾ ಕಾಗದದಲ್ಲಿ ಬರೆದು ಇಬ್ಬರು ಸಾಕ್ಷಿ ಹಾಕಿಸಿದರೆ ಸಾಲದು. ನಾಳೆ ಸಾಲ ಕೆಟ್ಟು ಮನೆ ಹರಾಜಿಗೆ ಬಂದರೆ ಮೊದಲು ಬೀದಿಗೆ ಬೀಳುವವರು ಆ ಭೋಗ್ಯದವರು. ಪರಿಚಯದವರು ಬೇರೆ ಅಂತೀರಿ.

ಹೇಮಾವತಿ ನಗರದಾಕೆ (ಹಾಸನ)

ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಬೀದಿಯಲ್ಲಿ ಒಬ್ಬರು ಭೋಗ್ಯದ ದುಡ್ಡಲ್ಲಿ ಮಗಳ ಮದುವೆ ಮಾಡಿದರು. ಅವಧಿ ಮುಗಿದಾಗ ಹೊಸಬರು ಸಿಗಲಿಲ್ಲ. ಹಳಬರು ಮನೆ ಬಿಡಲಿಲ್ಲ, ದುಡ್ಡು ಕೊಟ್ಟರೆ ಬಿಡುತ್ತೇವೆ ಅಂತ ಕೂತರು. ಅವರದೂ ತಪ್ಪಲ್ಲ ಬಿಡಿ. ಕೊನೆಗೆ ಒಡವೆ ಅಡ ಇಟ್ಟು ಕೊಟ್ಟರು.

ನಾವು ಮೇಲಿನ ಮನೆ ಬಾಡಿಗೆಗೇ ಕೊಡುತ್ತೇವೆ. ಕೊಡುವಾಗ ನಾನು ನೋಡುವುದು ಬೇರೆ ಮೀಟರ್ ಇದೆಯಾ ಅಂತ. ಬೇರೆ ಆರ್‌ಆರ್ ನಂಬರ್ (ಕರೆಂಟು ಸಂಪರ್ಕದ ನಂಬರ್) ಇದ್ದರೆ ಬಾಡಿಗೆಯವರು ತಮ್ಮ ಆಧಾರ್ ಕೊಟ್ಟು ಸೇವಾ ಸಿಂಧುವಿನಲ್ಲಿ ಗೃಹಜ್ಯೋತಿ ಹಾಕಿಕೊಳ್ಳಬಹುದು. ಅವರಿಗೆ ಕರೆಂಟು ಬಿಲ್ಲು ಉಳಿಯುತ್ತದೆ ಅಂದರೆ 500 ರೂಪಾಯಿ ಬಾಡಿಗೆ ಜಾಸ್ತಿ ಕೇಳಿದರೂ ತಕರಾರು ಮಾಡುವುದಿಲ್ಲ. ಬಿಡುವಾಗ ಮಾತ್ರ ಹಳೆಯವರ ಜೋಡಣೆ ತೆಗೆಸಲೇಬೇಕು. ಇಲ್ಲದಿದ್ದರೆ ಹೊಸಬರಿಗೆ ಆಗುವುದಿಲ್ಲ. ನಾನು ಅಡ್ವಾನ್ಸ್ ವಾಪಸ್ ಕೊಡುವ ಮೊದಲು ಅದನ್ನು ಮಾಡಿಸಿಬಿಡುತ್ತೇನೆ.

ನರ್ಸಿಂಗ್ ಕೆಲಸದವರು, ಟೀಚರ್‌ಗಳು ಸಿಕ್ಕಿದರೆ ಬಿಡಬೇಡಿ. ಬಾಡಿಗೆ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ.

ಉಪ್ಪಳ್ಳಿ ಮನೆಯವ (ಚಿಕ್ಕಮಗಳೂರು)

ಶೇ 14 ಅಂತ ನೋಡಿ ದಂಗಾದೆ. ನಮ್ಮ ಮನೆಯವಳಿಗೆ ತೋರಿಸಿದೆ, ಅವಳು ಮಾತಾಡಲಿಲ್ಲ, ನಕ್ಕಳು ಅಷ್ಟೇ. ಭೋಗ್ಯ ಬೇಡ ಅಂತಿಟ್ಟುಕೊಳ್ಳೋಣ. ಹಾಗಾದರೆ ಹೊರೆ ಇಳಿಸುವುದು ಹೇಗೆ? ಬಡ್ಡಿ ಇಳಿದಿದೆ ಅಂತ ಟಿವಿಯಲ್ಲಿ ಹೇಳುತ್ತಾರೆ, ನನ್ನ ಕಂತು ಒಂದು ರೂಪಾಯಿ ಇಳಿದಿಲ್ಲ.

ಸಾಲಗಾಮೆ ರಸ್ತೆ (ಹಾಸನ)

ಇಲ್ಲಿದೆ ನೋಡಿ ನಿಮ್ಮ ನಿಜವಾದ ಸೋರಿಕೆ.

2025ರ ಫೆಬ್ರವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕ್ ರೆಪೋ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಸಾಲ ಕೊಡುವ ಬಡ್ಡಿಯನ್ನು, ಶೇ 6.50ರಿಂದ 5.50ಕ್ಕೆ ಇಳಿಸಿತು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಗೃಹಸಾಲಗಳನ್ನು ರೆಪೋದಂಥ ಹೊರಗಿನ ದರಕ್ಕೆ ಜೋಡಿಸಲೇಬೇಕು. ಹಾಗಾಗಿ ಬ್ಯಾಂಕಿನಲ್ಲಿ ಸಾಲ ಇದ್ದವರಿಗೆ ಬಡ್ಡಿ ತಾನಾಗಿ ಇಳಿಯಿತು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ನಿಯಮ ಇಲ್ಲ. ಅವರದು ತಮ್ಮದೇ ದರ. ಏರಿಸುವಾಗ ಇರುವ ಅವಸರ ಇಳಿಸುವಾಗ ಇರುವುದಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಕಂಪನಿಗೆ ಹೋಗಿ ಹೊಸ ಗಿರಾಕಿಗೆ ಇವತ್ತು ಎಷ್ಟಕ್ಕೆ ಕೊಡುತ್ತೀರಿ ಅಂತ ಕೇಳಿ. ನಂತರ ನನಗೂ ಅಷ್ಟೇ ಮಾಡಿ ಅಂತ ಬರವಣಿಗೆಯಲ್ಲಿ ಕೊಡಿ. ಸಣ್ಣ ಶುಲ್ಕ ತಗೊಂಡು ಇಳಿಸುತ್ತಾರೆ. ಒಪ್ಪದಿದ್ದರೆ ಸಾಲವನ್ನು ಬ್ಯಾಂಕಿಗೆ ವರ್ಗಾಯಿಸಿ. ಸ್ವಂತಕ್ಕೆ ತಗೊಂಡ ಫ್ಲೋಟಿಂಗ್ ಗೃಹಸಾಲಕ್ಕೆ ಅವಧಿಗೆ ಮುಂಚೆ ಕಟ್ಟಿದ್ದಕ್ಕೆ ದಂಡ ಹಾಕುವಂತಿಲ್ಲ. ಬ್ಯಾಂಕುಗಳಿಗೆ 2012ರಿಂದಲೇ ಈ ನಿಯಮ ಇದೆ, ಫೈನಾನ್ಸ್ ಕಂಪನಿಗಳಿಗೂ ಇದೆ.

ಈಗ ಮುಖ್ಯವಾದ ಮಾತು. ಬಡ್ಡಿ ಶೇ 7.5 ಆಯಿತು ಅಂದುಕೊಳ್ಳಿ. ಕಂತು ಇಳಿಸಲಾ, ಅವಧಿ ಇಳಿಸಲಾ ಅಂತ ಕೇಳುತ್ತಾರೆ. ಕಂತು ಇಳಿಸಿದರೆ ತಿಂಗಳಿಗೆ 1,500ರ ಹತ್ತಿರ ಉಳಿಯುತ್ತದೆ. ಕಂತು ಅದೇ 21,696 ಇಟ್ಟರೆ ಸುಮಾರು 30 ಕಂತು ಕಮ್ಮಿ ಆಗುತ್ತವೆ, ಎರಡೂವರೆ ವರ್ಷ. ಕಂತು ಇಳಿಸಿದ್ದಕ್ಕೆ ಹೋಲಿಸಿದರೆ ಒಟ್ಟು 3 ಲಕ್ಷಕ್ಕೂ ಜಾಸ್ತಿ ಉಳಿತಾಯ. ಕೈ ತೀರಾ ಬಿಗಿ ಇದ್ದರೆ ಕಂತು ಇಳಿಸಿಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ. ಸುಧಾರಿಸಿಕೊಂಡು ಹೋಗುವಂತಿದ್ದರೆ ಅವಧಿ ಇಳಿಸಿ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದ ಪ್ರಕಾರ ದರ ಬದಲಾದಾಗ ಸಾಲಗಾರನಿಗೆ ತಿಳಿಸಬೇಕು, ಆಯ್ಕೆ ಕೊಡಬೇಕು. ಕೇಳದೆ ಇದ್ದರೆ ಬಾಯಿಬಿಡುವವರು ಕಡಿಮೆ.

ಆಲ್ದೂರು ಅರೇಬಿಕಾ (ಆಲ್ದೂರು)

ಸಾಲಗಾಮೆ ಸರ್, ನಮ್ಮಂಥವರ ಕಥೆ ಹೇಳಿ. ಸ್ವಲ್ಪ ಕಾಫಿ ತೋಟ ಇದೆ. ದುಡ್ಡು ಬರುವುದು ವರ್ಷಕ್ಕೊಮ್ಮೆ, ಕುಯ್ಲು ಮುಗಿದ ಮೇಲೆ. ಕಂತು ಮಾತ್ರ ಪ್ರತಿ ತಿಂಗಳು. ಕಾಫಿಗೆ ರೇಟು ಇದ್ದ ವರ್ಷ ಕೈತುಂಬ ಇರುತ್ತದೆ. ಮಳೆಗಾಲಕ್ಕೆ ಬರುವಷ್ಟರಲ್ಲಿ ಅದು ಎಲ್ಲಿ ಹೋಯಿತು ಅಂತ ನಮಗೇ ಗೊತ್ತಾಗುವುದಿಲ್ಲ.

ಸಾಲಗಾಮೆ ರಸ್ತೆ (ಹಾಸನ)

ನಿಮಗೆ ಓವರ್‌ಡ್ರಾಫ್ಟ್ ರೀತಿಯ ಗೃಹಸಾಲ ಚೆನ್ನಾಗಿ ಹೊಂದುತ್ತದೆ. ಕೆಲವು ಬ್ಯಾಂಕುಗಳಲ್ಲಿ ಇದೆ. ಸಾಲದ ಖಾತೆಗೇ ಕಾಫಿ ದುಡ್ಡು ಹಾಕಿಡುತ್ತೀರಿ. 24 ಲಕ್ಷ ಸಾಲ ಇದ್ದು 5 ಲಕ್ಷ ಅಲ್ಲಿ ಕೂತಿದ್ದರೆ ಬಡ್ಡಿ 19 ಲಕ್ಷಕ್ಕೆ ಮಾತ್ರ. ಜೂನ್‌ನಲ್ಲಿ ಗೊಬ್ಬರಕ್ಕೆ, ಆಳುಗಳ ಕೂಲಿಗೆ ಬೇಕಾದರೆ ವಾಪಸ್ ತೆಗೆಯಬಹುದು. ಮಾಮೂಲಿ ಸಾಲದಲ್ಲಿ ಒಮ್ಮೆ ಅಸಲಿಗೆ ಕಟ್ಟಿದ್ದು ಕೈಗೆ ಬರುವುದಿಲ್ಲ, ಇದರಲ್ಲಿ ಬರುತ್ತದೆ. ಬಡ್ಡಿ ಮಾಮೂಲಿಗಿಂತ ಒಂಚೂರು ಜಾಸ್ತಿ ಇರಬಹುದು, ಕೇಳಿಕೊಳ್ಳಿ. ಉಳಿತಾಯ ಖಾತೆಯಲ್ಲಿ ತಿಂಗಳುಗಟ್ಟಲೆ ದುಡ್ಡು ಇಡುವವರಿಗೆ ಆ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ.

ಆದರೆ ಕೈ ನಿಲ್ಲದವರಿಗೆ ಇದು ಬೇಡ. ಬೇಕೆಂದಾಗ ತೆಗೆಯಬಹುದು ಅಂತ ಗೊತ್ತಾದರೆ ತೆಗೆದೇ ತೆಗೆಯುತ್ತಾರೆ. ಹೊಸ ಜೀಪು ಬರುತ್ತದೆ.

ಆಲ್ದೂರು ಅರೇಬಿಕಾ (ಆಲ್ದೂರು)

ಜೀಪಿನ ಮಾತು ಯಾಕೆ ಎತ್ತಿದಿರಿ ಸರ್ 😀

ಸಾಲಗಾಮೆ ರಸ್ತೆ (ಹಾಸನ)

ಉಪ್ಪಳ್ಳಿಯವರೇ, ಸಂಬಳದವರಿಗೂ ಇದೇ ಮಾತು. ಬೋನಸ್ಸೋ, ಚೀಟಿ ದುಡ್ಡೋ, ಊರಲ್ಲಿ ಅಡಿಕೆ ಮಾರಿದ್ದೋ, ಒಂದು ಲಕ್ಷ ಸಿಕ್ಕಿದರೆ ಈಗಲೇ ಅಸಲಿಗೆ ಕಟ್ಟಿ. ನಿಮ್ಮ ಸಾಲಕ್ಕೆ ಒಂದೂವರೆ ವರ್ಷ ಆಗಿದೆ. ಶೇ 8.5ರಲ್ಲೇ ಲೆಕ್ಕ ಹಾಕಿದರೂ ಈ ಒಂದು ಲಕ್ಷಕ್ಕೆ ಕೊನೆಯಲ್ಲಿ 20 ಕಂತು ಮಾಯ. 20 ಕಂತು ಅಂದರೆ 4,33,920 ರೂಪಾಯಿ. ಅದೇ ಒಂದು ಲಕ್ಷವನ್ನು 15ನೇ ವರ್ಷದಲ್ಲಿ ಕಟ್ಟಿದರೆ ಇದರ ಹತ್ತಿರಕ್ಕೂ ಬರುವುದಿಲ್ಲ. ಈಗ ನೀವು ಕಟ್ಟುವ ಕಂತಿನಲ್ಲಿ ಹೆಚ್ಚಿನ ಪಾಲು ಬಡ್ಡಿ. ಮೊದಲ ಕಂತಿನಲ್ಲಿ 17,708 ಬಡ್ಡಿ, 3,988 ಅಸಲು. ಅದಕ್ಕೇ ಮೊದಮೊದಲು ಕಟ್ಟಿದ ದುಡ್ಡಿಗೆ ಬಲ ಜಾಸ್ತಿ.

ಕಟ್ಟುವಾಗ "ಅಸಲಿಗೆ ಜಮಾ, ಅವಧಿ ಕಡಿಮೆ ಮಾಡಿ" ಅಂತ ಬರೆದುಕೊಡಿ. ಮುಂದಿನ ಕಂತುಗಳಿಗೆ ಮುಂಗಡ ಅಂತ ಹಾಕಿಕೊಂಡದ್ದನ್ನು ನೋಡಿದ್ದೇನೆ.

ಬಿ.ಎಂ. ರಸ್ತೆ (ಹಾಸನ)

ಆದರೆ ಸಾಲ ಇದ್ದರೆ ಇನ್‌ಕಮ್ ಟ್ಯಾಕ್ಸ್ ಉಳಿಯುತ್ತದಲ್ಲ? ನಮ್ಮ ಆಡಿಟರ್ ಅದಕ್ಕೇ ಬೇಗ ತೀರಿಸಬೇಡಿ ಅನ್ನುತ್ತಾರೆ.

ಸಾಲಗಾಮೆ ರಸ್ತೆ (ಹಾಸನ)

ಅದು ಹಳೆ ಪದ್ಧತಿಯ ಮಾತು. ಹಳೆ ಪದ್ಧತಿಯಲ್ಲಿ ನಾವೇ ವಾಸವಿರುವ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಉಂಟು. ಹೊಸ ಪದ್ಧತಿಯಲ್ಲಿ ಅದು ಇಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ಆದಾಯದವರೆಗೆ ತೆರಿಗೆಯೇ ಬರುವುದಿಲ್ಲ, ಸಂಬಳದವರಿಗೆ 12.75 ಲಕ್ಷ. ಕಟ್ಟಬೇಕಾದ ತೆರಿಗೆಯೇ ಇಲ್ಲ ಅಂದ ಮೇಲೆ ಉಳಿಸುವುದು ಏನನ್ನು? ಉಪ್ಪಳ್ಳಿಯವರ ಸಂಬಳ ಅದರ ಒಳಗೇ ಇದೆ ಅಂತ ಕಾಣುತ್ತದೆ.

ಕಡೂರು ಕೊಬ್ಬರಿ (ಕಡೂರು)

ಸೋಲಾರ್ ಬಗ್ಗೆ ಯಾರೂ ಹೇಳಲಿಲ್ಲ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಮೇಲೆ ಎಷ್ಟಿದ್ದರೂ 78,000 ಸಬ್ಸಿಡಿ. ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲ. ಹಾಕಿಸಿಕೊಂಡಿದ್ದೇವೆ, ಖುಷಿಯಾಗಿದ್ದೇವೆ.

ಹೇಮಾವತಿ ನಗರದಾಕೆ (ಹಾಸನ)

ಕಡೂರಿನವರೇ, ನಿಮ್ಮಲ್ಲಿ ಸರಿ. ನಮ್ಮ ಮನೆಯಲ್ಲಿ ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆ ಬರುತ್ತದೆ. ಸೊನ್ನೆ ಬಿಲ್ಲಿಗೆ ಸೋಲಾರ್ ಹಾಕಿಸಿ ಏನು ಮಾಡಲಿ?

ಕಡೂರು ಕೊಬ್ಬರಿ (ಕಡೂರು)

ಸರಿಯಾದ ಪ್ರಶ್ನೆ ಅಕ್ಕ. ನಿಮಗೆ ಬೇಡ. ಆದರೆ ಉಪ್ಪಳ್ಳಿಯವರದು 2024ರ ಮನೆ. ಗೃಹಜ್ಯೋತಿಯಲ್ಲಿ ಉಚಿತ ಎಷ್ಟು ಅಂತ ನಿರ್ಧಾರ ಆಗಿದ್ದು 2022-23ರ ಸರಾಸರಿ ಬಳಕೆ ನೋಡಿ, ಅದರ ಮೇಲೆ ಶೇ 10 ಸೇರಿಸಿ. ಆ ವರ್ಷದ ಲೆಕ್ಕವೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು 58 ಅಂತ ಕೊಟ್ಟರು. ಅದರ ಮೇಲೆ ಸುಟ್ಟ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದರಂತೂ ಪೂರ್ತಿ ಬಿಲ್ಲು. ಅವರ ಬಿಲ್ಲು ಎಷ್ಟು ಬರುತ್ತದೆ ಅಂತ ಗೊತ್ತಾದರೆ ಹೇಳಬಹುದು.

ಉಪ್ಪಳ್ಳಿ ಮನೆಯವ (ಚಿಕ್ಕಮಗಳೂರು)

210, 215 ಯೂನಿಟ್ ಹೀಗೆ ಬರುತ್ತಿದೆ. ಗೀಸರ್ ಎರಡು. ಈ ಚಳಿಗೆ ಅಮ್ಮನಿಗೆ ಎರಡು ಹೊತ್ತೂ ಬಿಸಿನೀರು ಬೇಕು.

ಕಡೂರು ಕೊಬ್ಬರಿ (ಕಡೂರು)

ಹಾಗಾದರೆ ಕೇಳಿ ಅಣ್ಣ. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಕರೆಂಟು ಮಾಡುವ ಸೋಲಾರ್ ಬದಲು ನೀರು ಕಾಯಿಸುವ ಸೋಲಾರ್ ಹಾಕಿಸಿ. ಖರ್ಚು ಕಡಿಮೆ. ನೀವು 200ರ ಒಳಗೆ ಬಂದರೆ 58 ಯೂನಿಟ್ ಮತ್ತೆ ಉಚಿತ ಆಗುತ್ತದೆ, ಉಳಿದದ್ದಕ್ಕೆ ಮಾತ್ರ ದುಡ್ಡು. ಈಗ 210ಕ್ಕೂ ಪೂರ್ತಿ ಕಟ್ಟುತ್ತಿದ್ದೀರಿ.

ಗಾರೆ ಕೆಲಸ (ಮೂಡಿಗೆರೆ)

ಚಿಕ್ಕಮಗಳೂರಿನಲ್ಲಿ ಮಳೆಗಾಲ ಪೂರ್ತಿ ಸೋಲಾರ್ ನೀರು ಉಗುರುಬೆಚ್ಚಗೂ ಆಗುವುದಿಲ್ಲ. ಹಿತ್ತಲಲ್ಲಿ ಜಾಗ ಇದ್ದರೆ ಹಂಡೆ ಒಲೆ ಒಂದು ಇಟ್ಟುಕೊಳ್ಳಿ. ಕಾಫಿ ಗಿಡದ ಸೌದೆ ಎಲ್ಲಾದರೂ ಸಿಗುತ್ತದೆ.

ನಾನು ಬಂದಿದ್ದು ರಿಪೇರಿ ಬಗ್ಗೆ ಹೇಳಲು. ಪ್ರತಿ ವರ್ಷ ಎಷ್ಟು ಖರ್ಚು ಮಾಡುತ್ತೀರಿ, ಯಾವುದಕ್ಕೆ?

ಉಪ್ಪಳ್ಳಿ ಮನೆಯವ (ಚಿಕ್ಕಮಗಳೂರು)

ತಾರಸಿಗೆ ವಾಟರ್‌ಪ್ರೂಫ್ ಬಣ್ಣ. ಹೋದ ವರ್ಷ ಹಾಕಿಸಿದ್ದು ಈ ವರ್ಷ ಎದ್ದುಬಂದಿದೆ. ಮೇಲಿನ ಪೋರ್ಷನ್ನಿನ ಬಚ್ಚಲ ಪಕ್ಕದ ಗೋಡೆಯಲ್ಲಿ ಬೂಷ್ಟು. ಅದಕ್ಕೂ ಬಣ್ಣ.

ಗಾರೆ ಕೆಲಸ (ಮೂಡಿಗೆರೆ)

ಬೂಷ್ಟಿನ ಮೇಲೆ ಬಣ್ಣ ಹೊಡೆಯುವುದು ದುಡ್ಡು ಸುರಿದ ಹಾಗೇ. ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡಿ. ಬಚ್ಚಲಿಗೆ ಎರಡು ದಿನ ನೀರು ಹಾಕಬೇಡಿ. ಗೋಡೆ ಒಣಗಲು ಶುರುವಾದರೆ ಪೈಪಿನದೋ, ಟೈಲ್ಸ್ ಸಂದಿಯದೋ ಸೋರಿಕೆ. ಒಣಗದೆ, ಮಳೆ ಬಂದಾಗ ಜಾಸ್ತಿ ಆದರೆ ಹೊರಗಿನ ಗೋಡೆಯದು. ಹೊರಗಿನದಾದರೆ ಪಶ್ಚಿಮದ ಗೋಡೆಯೇ ಇರುತ್ತದೆ, ನೋಡಿ ಬೇಕಾದರೆ. ಗಾಳಿ ಮಳೆ ಎರಡೂ ಹೊಡೆಯುವುದು ಅಲ್ಲಿಗೇ. ಸಜ್ಜದ ಮೇಲಿನ ಬಿರುಕಿನಿಂದ ನೀರು ಇಳಿದು ಒಳಗೆ ಕಿಟಕಿ ಮೂಲೆಯಲ್ಲಿ ಕಾಣಿಸುತ್ತದೆ. ಆ ಬಿರುಕು ಕೆತ್ತಿ ಗಾರೆ ತುಂಬಿಸುವುದು ಅರ್ಧ ದಿನದ ಕೆಲಸ.

ತಾರಸಿಗೆ ವರ್ಷವರ್ಷ ಬಣ್ಣ ಹಾಕುವ ಬದಲು ದುಡ್ಡು ಕೂಡಿಟ್ಟು ಒಂದೇ ಸಲ ಶೀಟು ಹೊದಿಸಿ. ನಮ್ಮ ಕಡೆ ಮೋಲ್ಡ್ ಮನೆಗೆಲ್ಲ ಶೀಟು ಸುಮ್ನೆ ಹಾಕಿಲ್ಲ. ಕೆಳಗೆ ಬಟ್ಟೆ ಒಣಗಿಸಬಹುದು, ಸೌದೆ ಇಡಬಹುದು, ಮಳೆನೀರು ಒಂದೇ ದೋಣಿಯಲ್ಲಿ ಸಂಪಿಗೆ ಬಿಡಬಹುದು. ಮಾಡಿಸುವುದಾದರೆ ರೋಹಿಣಿ ಮಳೆಗೆ ಮುಂಚೆ ಮಾಡಿಸಿ. ಮೃಗಶಿರ ಬಂದ ಮೇಲೆ ಫೋನ್ ಮಾಡಿದರೆ ನಾವು ಯಾರೂ ಎತ್ತುವುದಿಲ್ಲ, ಎತ್ತಿದರೆ ಕೂಲಿ ಜಾಸ್ತಿ ಕೇಳುತ್ತೇವೆ. ಸೋಲಾರ್ ಹಾಕಿಸುವ ಯೋಚನೆ ಇದ್ದರೆ ಮೊದಲೇ ಹೇಳಿ, ಶೀಟಿನ ಕಂಬ ಅದಕ್ಕೆ ತಕ್ಕ ಹಾಗೆ ನಿಲ್ಲಿಸಬೇಕು.

ವೀಕೆಂಡ್ ಗಿರಿ (ಚಿಕ್ಕಮಗಳೂರು)

ಮೇಲಿನ ಪೋರ್ಷನ್ ಹೋಂಸ್ಟೇ ಮಾಡಿ ಬಾಸ್. ಶನಿವಾರ ಬಂದರೆ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಬೆಂಗಳೂರು ಕಾರುಗಳ ಸಾಲು. ಎರಡು ರಾತ್ರಿಗೆ ತಿಂಗಳ ಬಾಡಿಗೆ ಬಂದುಬಿಡುತ್ತದೆ.

ಹೇಮಾವತಿ ನಗರದಾಕೆ (ಹಾಸನ)

ಹಾಸಿಗೆ ಬಟ್ಟೆ ಒಗೆಯುವವರು ಯಾರು? ಬೆಳಗ್ಗೆ ತಿಂಡಿ ಮಾಡುವವರು ಯಾರು? ಅವರ ಮನೆಯವರು ತಾನೆ. ಅದರ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆಲ್ದೂರು ಅರೇಬಿಕಾ (ಆಲ್ದೂರು)

ನಾವು ಎರಡು ರೂಮು ನಡೆಸುತ್ತಿದ್ದೇವೆ. ಬರುವವರಿಗೆ ತೋಟ ಬೇಕು, ಹಳ್ಳ ಬೇಕು, ರಾತ್ರಿ ಕ್ಯಾಂಪ್ ಫೈರ್ ಬೇಕು. ಊರೊಳಗಿನ ಬಡಾವಣೆಯ ಮನೆಗೆ ಅಷ್ಟು ಬೇಡಿಕೆ ಬರುವುದು ಕಷ್ಟ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಬೇಕು, ಬಂದವರ ಗುರುತಿನ ಚೀಟಿ ಇಟ್ಟುಕೊಳ್ಳಬೇಕು. ಅಕ್ಕಪಕ್ಕದವರು ಒಂದು ಸಲ ಗಲಾಟೆ ಅಂತ ದೂರು ಕೊಟ್ಟರೆ ಮುಗಿಯಿತು. ಬಾಡಿಗೆಯವರೇ ವಾಸಿ.

ಬಿ.ಎಂ. ರಸ್ತೆ (ಹಾಸನ)

ಪ್ರಧಾನಮಂತ್ರಿ ಆವಾಸ್‌ನಲ್ಲಿ ಬಡ್ಡಿ ಸಬ್ಸಿಡಿ ಬರುತ್ತದಂತೆ, 1.80 ಲಕ್ಷ. ಅದಕ್ಕೆ ಹಾಕಬಹುದಲ್ಲ?

ಸಾಲಗಾಮೆ ರಸ್ತೆ (ಹಾಸನ)

ನಗರ ಯೋಜನೆಯ ಎರಡನೇ ಹಂತದಲ್ಲಿ ಇದೆ. ಆದರೆ 2024ರ ಸೆಪ್ಟೆಂಬರ್ 1ರಿಂದ ಈಚೆಗೆ ಮಂಜೂರಾದ ಸಾಲಕ್ಕೆ ಮಾತ್ರ. ಇವರದು ಅದಕ್ಕೂ ಮುಂಚೆ. ಈಗ ಮೊದಲ ಮನೆ ಮಾಡುವವರು, ಮನೆಯ ವರ್ಷದ ಆದಾಯ 9 ಲಕ್ಷದ ಒಳಗಿದ್ದರೆ ತಪ್ಪದೆ ವಿಚಾರಿಸಿ.

ಕಂದಾಯದ ಮಾತು ಮರೆಯುವ ಮುಂಚೆ ಹೇಳಿಬಿಡುತ್ತೇನೆ. ನಗರಸಭೆಗೆ ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ. ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ಗೃಹಸಾಲದ ಬಡ್ಡಿಗಿಂತ ದುಬಾರಿ ದಂಡ ಅದು.

ಸಾಲ ಕೊಡುವಾಗ ಜೊತೆಗೆ ಒಂದು ವಿಮೆ ಕಟ್ಟಿಸಿ ಅದನ್ನೂ ಸಾಲಕ್ಕೆ ಸೇರಿಸಿದ್ದಾರಾ ನೋಡಿ. ಮನೆ ನಡೆಸುವವರ ಹೆಸರಲ್ಲಿ ಬೇರೆ ಟರ್ಮ್ ವಿಮೆ ಇದ್ದರೆ ಎರಡೆರಡು ಬೇಡ. ಮನೆಗೆ ಮಾತ್ರ ಭಾರತ್ ಗೃಹ ರಕ್ಷಾ ಮಾಡಿಸಿ. 2021ರ ಏಪ್ರಿಲ್‌ನಿಂದ ವಿಮಾ ಕಂಪನಿಗಳು ಇದನ್ನು ಒಂದೇ ನಮೂನೆಯಲ್ಲಿ ಕೊಡುತ್ತವೆ. ಬೆಂಕಿ, ಬಿರುಗಾಳಿ, ನೆರೆಯ ಜೊತೆಗೆ ಗುಡ್ಡ ಕುಸಿತವೂ ಅದರಲ್ಲಿ ಸೇರಿದೆ. ಸಕಲೇಶಪುರ, ಮೂಡಿಗೆರೆ ಕಡೆಯವರಿಗಂತೂ ಬೇಕೇ ಬೇಕು.

ಉಪ್ಪಳ್ಳಿ ಮನೆಯವ (ಚಿಕ್ಕಮಗಳೂರು)

ಎಲ್ಲರಿಗೂ ಧನ್ಯವಾದ. ಭೋಗ್ಯ ಕೇಳಿದವರಿಗೆ ಆಗುವುದಿಲ್ಲ ಅಂತ ಹೇಳಿಬಿಟ್ಟೆ. ಒಬ್ಬರು ನರ್ಸ್ 7,500ಕ್ಕೆ ಬರುತ್ತಿದ್ದಾರೆ. ಬೇರೆ ಮೀಟರ್ ಇದೆ ಅಂದ ಕೂಡಲೇ ಒಪ್ಪಿದರು.

ಫೈನಾನ್ಸ್ ಕಂಪನಿಗೂ ಬರೆದುಕೊಟ್ಟೆ. ಶುಲ್ಕ ಕಟ್ಟಿದರೆ ಶೇ 7.9 ಮಾಡಿಕೊಡುತ್ತಾರಂತೆ. ಒಂದು ಬ್ಯಾಂಕು ಶೇ 7.5 ಅನ್ನುತ್ತಿದೆ. ಹೋಗಲಾ, ಇಲ್ಲೇ ಇರಲಾ?

ಸಾಲಗಾಮೆ ರಸ್ತೆ (ಹಾಸನ)

24 ಲಕ್ಷಕ್ಕೆ ಶೇ 0.4 ಅಂದರೆ ಮೊದಲ ವರ್ಷ 9,600 ವ್ಯತ್ಯಾಸ. ಬ್ಯಾಂಕಿನವರ ಹತ್ತಿರ ಪ್ರೊಸೆಸಿಂಗ್ ಶುಲ್ಕ, ವಕೀಲರ ಅಭಿಪ್ರಾಯ, ಮನೆಯ ಮೌಲ್ಯಮಾಪನ, ಅಡಮಾನ ಪತ್ರದ ಮುದ್ರಾಂಕ ಎಲ್ಲ ಸೇರಿಸಿ ಒಟ್ಟು ಎಷ್ಟು ಅಂತ ಬರೆಸಿಕೊಳ್ಳಿ. ಅದರಲ್ಲಿ ಕಂಪನಿಗೆ ಕಟ್ಟಬೇಕಿದ್ದ ಶುಲ್ಕ ಕಳೆಯಿರಿ. ಉಳಿದದ್ದು 20,000 ಒಳಗಿದ್ದರೆ ಬ್ಯಾಂಕಿಗೆ ಹೋಗಿ. ಯಾಕೆಂದರೆ ಮುಂದೆ ರೆಪೋ ಇಳಿದಾಗ ಇಲ್ಲಿ ಮತ್ತೆ ಅರ್ಜಿ ಹಿಡಿದು ನಿಲ್ಲಬೇಕು, ಅಲ್ಲಿ ಬೇಡ. ಏರಿದಾಗ ಅಲ್ಲೂ ತಾನಾಗಿ ಏರುತ್ತದೆ, ಅದೂ ತಲೆಯಲ್ಲಿರಲಿ.

ಹೋಗುವುದಾದರೆ ಬ್ಯಾಂಕು ಈಗ ಉಳಿದಿರುವ 222 ತಿಂಗಳ ಬದಲು ಮತ್ತೆ 20 ವರ್ಷಕ್ಕೆ ಕಾಗದ ಮಾಡುತ್ತದೆ, ಕಂತು ಕಡಿಮೆ ತೋರಿಸಲು. ಸಹಿ ಹಾಕುವ ಮೊದಲು ತಿಂಗಳು ಎಷ್ಟು ಅಂತ ನೋಡಿ. ಹಳೆ ಸಾಲ ಪೂರ್ತಿ ಮುಗಿದ 30 ದಿನದ ಒಳಗೆ ಕಂಪನಿ ಮೂಲ ಪತ್ರಗಳನ್ನು ಬಿಡಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಕ್ರಯಪತ್ರ, ಖಾತೆ, ನಕ್ಷೆ, ಏನೇನು ಕೊಟ್ಟಿದ್ದಿರಿ ಅನ್ನುವ ಪಟ್ಟಿ ನಿಮ್ಮ ಹತ್ತಿರ ಇದೆಯಾ?

ಉಪ್ಪಳ್ಳಿ ಮನೆಯವ (ಚಿಕ್ಕಮಗಳೂರು)

ಇದೆ ಸರ್, ಅವರದೇ ಸೀಲು ಹಾಕಿದ ಪ್ರತಿ. ಸೋಮವಾರ ಬ್ಯಾಂಕಿಗೆ ಹೋಗಿ ಖರ್ಚಿನ ಪಟ್ಟಿ ತರುತ್ತೇನೆ. ಇಲ್ಲೇ ಹಾಕುತ್ತೇನೆ, ನೋಡಿ ಹೇಳಿ.